ವೈರಸ್‌ಟೋಟಲ್: ಜೆರಾಕ್ಸ್ ಅಂಗಡಿಯವನ ಲೆಕ್ಕದಲ್ಲಿ

ನಮ್ಮದು ಕಾಲೇಜಿನ ಎದುರಿಗಿರುವ ಡಿಟಿಪಿ, ಜೆರಾಕ್ಸ್ ಅಂಗಡಿ. ಕಂಡವರ ಪೆನ್‌ಡ್ರೈವ್ ಎಲ್ಲ ನಮ್ಮ ಕಂಪ್ಯೂಟರಿಗೇ ಬಂದು ಬೀಳುತ್ತೆ. ದುಡ್ಡು ಕೊಟ್ಟು ಆಂಟಿವೈರಸ್ ಹಾಕಿಸಿಲ್ಲ. ವಿಂಡೋಸ್ ಜೊತೆ ಬರುವ ಡಿಫೆಂಡರ್ ಇದೆ, ಅನುಮಾನ ಬಂದರೆ ವೈರಸ್‌ಟೋಟಲ್ ಇದೆ. 2004ರಲ್ಲಿ ಸ್ಪೇನ್‌ನಲ್ಲಿ ಶುರುವಾಗಿ, 2012ರಲ್ಲಿ ಗೂಗಲ್ ಕೈಸೇರಿದ ಉಚಿತ ಸೈಟು. ಅಲ್ಲಿ ಒಂದು ಫೈಲ್ ಹಾಕಿದರೆ ಬೇರೆ ಬೇರೆ ಕಂಪನಿಗಳ 70 ಚಿಲ್ಲರೆ ಆಂಟಿವೈರಸ್ ಎಂಜಿನ್‌ಗಳು ಅದನ್ನು ಪರೀಕ್ಷಿಸುತ್ತವೆ, ಕೆಟ್ಟದ್ದು ಅಂದವು ಕೆಂಪಲ್ಲಿ ಕಾಣುತ್ತವೆ.

ಅನುಮಾನ ಹೇಗೆ ಬರುತ್ತೆ ಅಂತೀರಾ? ಪೆನ್‌ಡ್ರೈವ್ ತೆರೆದ ತಕ್ಷಣ ಡೀಟೇಲ್ಸ್ ವ್ಯೂ ಹಾಕುತ್ತೇನೆ. ಫೈಲ್ ಎಕ್ಸ್‌ಟೆನ್ಷನ್, ಅಂದರೆ ಹೆಸರಿನ ಕೊನೆಯ .pdf, .exe ಥರದ ಬಾಲ, ಕಾಣುವಂತೆ ಮೊದಲೇ ಸೆಟ್ ಮಾಡಿಟ್ಟಿದ್ದೇನೆ. ವಿಂಡೋಸ್ ತಾನಾಗಿ ಅದನ್ನು ಮುಚ್ಚಿಡುತ್ತೆ. 'ಫೋಟೋಸ್', 'ಪ್ರಾಜೆಕ್ಟ್', 'ಮಾರ್ಕ್ಸ್ ಕಾರ್ಡ್' ಅಂತ ಹಳದಿ ಫೋಲ್ಡರ್‌ಗಳು ಸಾಲಾಗಿ ಕೂತಿರುತ್ತವೆ. ಪಕ್ಕದ ಸೈಜ್ ಕಾಲಂ ನೋಡಿ. ನಿಜವಾದ ಫೋಲ್ಡರ್ ಎದುರು ಅಲ್ಲಿ ಖಾಲಿ ಇರಬೇಕು. ಇವುಗಳ ಎದುರು ಸೈಜ್ ಇದೆ, ಅದೂ ಎಲ್ಲಕ್ಕೂ ಒಂದೇ! ಟೈಪ್ ಕಾಲಂನಲ್ಲಿ 'ಅಪ್ಲಿಕೇಶನ್'. ಫೋಲ್ಡರ್ ವೇಷ ಹಾಕಿದ ಎಕ್ಸ್‌ಇ, ಅಂದರೆ ಕ್ಲಿಕ್ ಮಾಡಿದರೆ ಓಡುವ ಪ್ರೋಗ್ರಾಂ ಅದು. ಅಸಲಿ ಫೋಲ್ಡರ್‌ಗಳನ್ನು ಹಿಡನ್ ಮಾಡಿ ಒಳಗೆ ಬಚ್ಚಿಟ್ಟಿರುತ್ತೆ.

ಅದನ್ನು ಡಬಲ್ ಕ್ಲಿಕ್ ಮಾಡಲ್ಲ. ವಿಂಡೋಸ್‌ನಲ್ಲೇ ಇರುವ, ಕಮಾಂಡ್ ಟೈಪ್ ಮಾಡುವ ಪವರ್‌ಶೆಲ್ ತೆರೆದು ಗೆಟ್-ಫೈಲ್‌ಹ್ಯಾಶ್ ಅಂತ ಟೈಪ್ ಮಾಡಿ, ಒಂದು ಸ್ಪೇಸ್ ಕೊಟ್ಟು, ಫೈಲನ್ನು ಎಳೆದು ಅಲ್ಲಿಗೆ ಬಿಡುತ್ತೇನೆ. ಎಂಟರ್. 64 ಅಕ್ಷರ-ಅಂಕಿಗಳ ಒಂದು ಸಾಲು ಬರುತ್ತೆ. ಅದೇ ಹ್ಯಾಶ್, ಆ ಫೈಲಿನ ಬೆರಳಚ್ಚು ಇದ್ದಂತೆ. ಅದನ್ನು ವೈರಸ್‌ಟೋಟಲ್‌ನ ಸರ್ಚ್‌ನಲ್ಲಿ ಹಾಕಿದರೆ ಸಾಕು, ಫೈಲ್ ಅಪ್‌ಲೋಡ್ ಮಾಡುವುದೇ ಬೇಡ. ಬೇರೆ ಯಾರೋ ಮೊದಲೇ ಹಾಕಿದ್ದರೆ ವರದಿ ಆ ಕ್ಷಣವೇ ಎದುರಿಗೆ. ನಮ್ಮ ನಿಧಾನ ನೆಟ್‌ಗೆ ಇದಕ್ಕಿಂತ ಸುಖ ಇನ್ನೇನು ಬೇಕು? ಏನೂ ಸಿಗದಿದ್ದರೆ ಫೈಲ್ ಒಳ್ಳೆಯದು ಅಂತಲ್ಲ, ಇನ್ನೂ ಯಾರೂ ಅಲ್ಲಿಗೆ ತಂದಿಲ್ಲ ಅಂತ ಅಷ್ಟೇ.

ಕಿರಿಕಿರಿ ಶುರುವಾಗುವುದು ಕನ್ನಡದ ಹಳೇ ಟೈಪಿಂಗ್ ಸಾಫ್ಟ್‌ವೇರ್ ಬಂದಾಗ. ಒತ್ತಿದ ಪ್ರತಿ ಕೀಯನ್ನೂ ಹಿಡಿದು ಅಕ್ಷರ ಬದಲಿಸುವುದೇ ಅದರ ಕೆಲಸ. ಪಾಸ್‌ವರ್ಡ್ ಕದಿಯುವ ಕೀಲಾಗರ್ ಮಾಡುವುದೂ ಹೆಚ್ಚುಕಮ್ಮಿ ಇದನ್ನೇ, ಅಲ್ವಾ? ಮೇಲಾಗಿ ಅದಕ್ಕೆ ಡಿಜಿಟಲ್ ಸಹಿ, ಅಂದರೆ ತಯಾರಿಸಿದವರ ಗುರುತಿನ ಮುದ್ರೆ, ಇಲ್ಲ. ಹಾಗಾಗಿ 70 ಚಿಲ್ಲರೆ ಎಂಜಿನ್‌ಗಳಲ್ಲಿ ಎರಡು ಮೂರು ಕೆಂಪು. ಹೆಸರು ನೋಡಿದರೆ 'ಜೆನೆರಿಕ್', 'ಹ್ಯೂರ್'. ಅಂದರೆ ಪಕ್ಕಾ ಗೊತ್ತಿಲ್ಲ, ಸುಮ್ನೆ ಊಹೆ. ಅಂಗಡಿ ಹುಡುಗ ಕೆಂಪು ಕಂಡಿದ್ದೇ ತಡ ಡಿಲೀಟ್ ಮಾಡಲು ಹೊರಡುತ್ತಾನೆ. ಅದು ಹೋದರೆ ಹಳೇ ಗಿರಾಕಿಗಳ ಕರಪತ್ರ ತಿದ್ದುವುದು ಹೇಗೆ? ಅಂಥ ಹೊತ್ತಲ್ಲಿ ನಾನು ವೈರಸ್‌ಟೋಟಲ್ ವರದಿಯ ಡೀಟೇಲ್ಸ್ ಟ್ಯಾಬ್‌ನಲ್ಲಿ ಫೈಲ್ ಅಲ್ಲಿಗೆ ಮೊದಲು ಬಂದ ತಾರೀಕು ನೋಡುತ್ತೇನೆ. ವರ್ಷಗಳಿಂದ ಅಲ್ಲೇ ಇದ್ದು, ದೊಡ್ಡ ಎಂಜಿನ್‌ಗಳು ಇವತ್ತಿಗೂ ಸುಮ್ಮನಿದ್ದರೆ ಇಟ್ಟುಕೊಳ್ಳುತ್ತೇನೆ. ನಿನ್ನೆ ಮೊನ್ನೆ ಬಂದದ್ದಾದರೆ ಮುಟ್ಟಲ್ಲ.

ಇನ್ನೊಂದು. ವೈರಸ್‌ಟೋಟಲ್‌ಗೆ ಹಾಕಿದ ಫೈಲ್ ಭದ್ರತಾ ಕಂಪನಿಗಳ ಕೈಗೂ ಸಿಗುತ್ತೆ. ಗಿರಾಕಿಯ ಆಧಾರ್ ಪಿಡಿಎಫ್, ಬ್ಯಾಂಕ್ ಕಾಗದ ಯಾವತ್ತೂ ಹಾಕಬೇಡಿ. ಈ ಮಾತನ್ನು ಅಪ್‌ಲೋಡ್ ಬಟನ್ ಕೆಳಗೆ ಸಣ್ಣಕ್ಷರದಲ್ಲಿ ಬರೆದಿದ್ದಾರೆ, ನಮ್ಮ ಹುಡುಗ ಅದನ್ನೆಲ್ಲಿ ಓದುತ್ತಾನೆ? ಅದಕ್ಕೇ ಒಂದು ಸ್ಟಾರ್ ಕಡಿಮೆ. ಐದಕ್ಕೆ ನಾಲ್ಕು.