ಎರಡು ಮಳೆಗಾಲ ಬಳಸಿದ ಚಿಗಟದ ಹನಿ ಔಷಧ: ಮಲೆನಾಡಿನ ಮನೆಯೊಂದರ ಅನುಭವ

ಫಿಪ್ರೊನಿಲ್ ಮತ್ತು ಎಸ್-ಮೆಥೊಪ್ರೀನ್ ಎಂಬ ಎರಡು ಔಷಧಗಳು ಸೇರಿರುವ, ನಾಯಿ ಬೆಕ್ಕುಗಳ ಕತ್ತಿನ ಹಿಂಭಾಗದ ಚರ್ಮಕ್ಕೆ ಹಾಕುವ ಹನಿ ಔಷಧವನ್ನು ನಾನು 22 ತಿಂಗಳುಗಳಿಂದ, ನಡುವೆ ಒಂದು ತಿಂಗಳು ಮಾತ್ರ ಬಿಟ್ಟು, ಬಳಸುತ್ತಿದ್ದೇನೆ. ಇದೇ ಸಂಯೋಜನೆಯನ್ನು ಹಲವು ಕಂಪನಿಗಳು ತಮ್ಮ ತಮ್ಮ ಹೆಸರಿನಲ್ಲಿ ಮಾರುತ್ತವೆ. ನಾನು ಬಳಸಿದ ಎರಡು ಬ್ರ್ಯಾಂಡುಗಳ ನಡುವೆ ವ್ಯತ್ಯಾಸವೇನೂ ಕಾಣಲಿಲ್ಲವಾದ್ದರಿಂದ, ಇಲ್ಲಿ ಬರೆಯುತ್ತಿರುವುದು ಔಷಧದ ಬಗ್ಗೆಯೇ ಹೊರತು ಪೊಟ್ಟಣದ ಬಗ್ಗೆ ಅಲ್ಲ. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಒಂದು ಅಂಕ ಕಳೆದಿರುವುದು ನಮ್ಮ ಮಳೆಯ ಕಾರಣಕ್ಕೆ. ಅದನ್ನು ಮುಂದೆ ವಿವರಿಸುತ್ತೇನೆ. ಈ ಔಷಧದಿಂದ ಪ್ರಯೋಜನವಾಗಲಿಲ್ಲ ಎನ್ನುವವರಲ್ಲಿ ಹೆಚ್ಚಿನವರು ಮೂರನೆಯ ವಾರದ ಹೊತ್ತಿಗೆ ಅದನ್ನು ಕೈಬಿಟ್ಟವರು ಎಂಬುದು ನನ್ನ ದೃಢವಾದ ಅಭಿಪ್ರಾಯ. ನಾನೂ ಆ ವಾರದಲ್ಲಿ ಕೈಬಿಡುವುದರಲ್ಲಿದ್ದೆ.

ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಹಳೆಯ ಹೆಂಚಿನ ಮನೆ. ಒಂದು ಮಗ್ಗುಲಿಗೆ ಕೊಟ್ಟಿಗೆ, ಮೇಲೆ ಅಡಿಕೆಯ ಗೋಣಿಚೀಲಗಳನ್ನು ಪೇರಿಸಿಡುವ ಅಟ್ಟ, ಮುಂದೆ ಉದ್ದನೆಯ ಜಗಲಿ. ಕರಿಯ ಎಂಬ ನಾಯಿ ಜಗಲಿಯಲ್ಲಿ ಮಲಗುತ್ತದೆ. ಬೆಳ್ಳಿ ಎಂಬ ಬೆಕ್ಕು ಅಟ್ಟದ ಗೋಣಿಗಳ ಮೇಲೆ ಅಥವಾ ನನ್ನ ಮಗಳ ಹಾಸಿಗೆಯಲ್ಲಿ ಮಲಗುತ್ತದೆ. ಮೊದಲ ವರ್ಷದ ಮೇ ತಿಂಗಳಲ್ಲಿ, ಮುಂಗಾರಿಗೆ ಮುಂಚಿನ ಎರಡು ಮಳೆ ಬಿದ್ದ ಮೇಲೆ, ಮಗಳ ಕಾಲಿನ ಹರಡಿನ ಸುತ್ತ ಮೂರು ನಾಲ್ಕರ ಗುಂಪಾಗಿ ಕೆಂಪು ಗುಳ್ಳೆಗಳು ಎದ್ದವು. ಸೊಳ್ಳೆ ಇರಬೇಕೆಂದು ನಾವು ಸುಮ್ಮನಿದ್ದೆವು. ಕರಿಯ ಬಾಲದ ಬುಡದ ಮೇಲಿನ ಕೂದಲನ್ನು ಕಚ್ಚಿ ಕಚ್ಚಿ ಬೋಳು ಮಾಡಿಕೊಂಡಾಗಲಷ್ಟೇ ಇದು ಚಿಗಟ ಎಂದು ಹೊಳೆಯಿತು.

ಆಗ ಮಾಡಿದ ತಪ್ಪನ್ನು ಮುಚ್ಚಿಡದೆ ಬರೆಯುತ್ತೇನೆ, ಏಕೆಂದರೆ ದನ ಸಾಕುವ ಮನೆಗಳಲ್ಲಿ ಈ ತಪ್ಪು ಸುಲಭವಾಗಿ ಆಗುತ್ತದೆ. ದನಗಳ ಉಣುಗಿಗೆಂದು ತಂದಿಟ್ಟಿದ್ದ ಡೆಲ್ಟಾಮೆಥ್ರಿನ್ ದ್ರಾವಣವನ್ನು ನೀರಿಗೆ ಬೆರೆಸಿ ಕರಿಯನಿಗೂ, ಆಗ ನಮ್ಮಲ್ಲಿದ್ದ ಚುಕ್ಕಿ ಎಂಬ ಬೆಕ್ಕಿಗೂ ಹಚ್ಚಿದೆ. ನಾಯಿಗೆ ಏನೂ ಆಗಲಿಲ್ಲ. ಚುಕ್ಕಿ ಸಂಜೆಯ ಹೊತ್ತಿಗೆ ನಡುಗತೊಡಗಿತು, ಬಾಯಿಂದ ಜೊಲ್ಲು ಸುರಿಯಿತು, ಬೆಳಗಾಗುವುದರೊಳಗೆ ಸತ್ತುಹೋಯಿತು. ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್, ಪರ್ಮೆಥ್ರಿನ್ ಇವೆಲ್ಲ ಒಂದೇ ಕುಲದ ಕೀಟನಾಶಕಗಳೆಂದೂ, ಅವುಗಳನ್ನು ನಾಯಿಯ ಯಕೃತ್ತು ಒಡೆದು ಹೊರಹಾಕುವಂತೆ ಬೆಕ್ಕಿನ ಯಕೃತ್ತು ಹೊರಹಾಕಲಾರದೆಂದೂ ಪಶುವೈದ್ಯರು ಮರುದಿನ ವಿವರಿಸಿದರು. ನಾಯಿಗೆಂದೇ ತಯಾರಾದ ಕೆಲವು ಹನಿ ಔಷಧಗಳಲ್ಲಿಯೂ ಪರ್ಮೆಥ್ರಿನ್ ಇರುತ್ತದೆ. ಆದ್ದರಿಂದ ಬೆಕ್ಕಿರುವ ಮನೆಯವರು ಪೊಟ್ಟಣದ ಮೇಲಿನ ಚಿತ್ರವನ್ನಲ್ಲ, ಅದರ ಬೆನ್ನಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದ ಔಷಧದ ಹೆಸರನ್ನು ಓದಬೇಕು. ಬೆಳ್ಳಿ ಮನೆಗೆ ಬಂದದ್ದು ಆ ಘಟನೆಯಾದ ಕೆಲವೇ ದಿನಗಳಲ್ಲಿ.

ಹನಿ ಔಷಧವನ್ನು ವೈದ್ಯರೇ ಬರೆದುಕೊಟ್ಟರು. ಕರಿಯನ ತೂಕ 24 ಕಿಲೊ ಇದ್ದುದರಿಂದ ಅದಕ್ಕೆ 20ರಿಂದ 40 ಕಿಲೊವರೆಗಿನ ನಾಯಿಗಳ 2.68 ಮಿಲಿಲೀಟರಿನ ಕೊಳವೆ. ಬೆಳ್ಳಿಗೆ ಬೆಕ್ಕುಗಳದೇ ಆದ ಅರ್ಧ ಮಿಲಿಲೀಟರಿನ ಕೊಳವೆ. ದೊಡ್ಡ ಕೊಳವೆಯೊಂದನ್ನು ತಂದು ಎರಡಕ್ಕೂ ಹಂಚಿದರೆ ದುಡ್ಡು ಉಳಿಯುತ್ತದೆಂದು ಅಂಗಡಿಯಲ್ಲಿ ಯಾರೋ ಹೇಳಿದರು. ಚುಕ್ಕಿಯ ನಂತರ ಅಂಥ ಉಳಿತಾಯ ನನಗೆ ಬೇಡವಾಗಿತ್ತು. ಹಾಕುವ ಕ್ರಮ ಕಷ್ಟದ್ದಲ್ಲ. ಪ್ರಾಣಿ ನಾಲಿಗೆ ಚಾಚಿದರೂ ಎಟುಕದ ಹಾಗೆ ಎರಡು ಭುಜಗಳ ನಡುವೆ ಕೂದಲನ್ನು ಬಿಡಿಸಿ, ಚರ್ಮ ಕಾಣುವಂತೆ ಮಾಡಿ, ಕೊಳವೆಯನ್ನು ಅಲ್ಲಿಯೇ ಹಿಂಡಬೇಕು. ಕೂದಲಿನ ಮೇಲೆ ಸುರಿದರೆ ಔಷಧ ವ್ಯರ್ಥವಾಗುತ್ತದೆ. ಹಾಕುವ ಎರಡು ದಿನ ಮೊದಲು ಮತ್ತು ಹಾಕಿದ ಎರಡು ದಿನ ಸ್ನಾನ ಮಾಡಿಸಬಾರದು, ಏಕೆಂದರೆ ಔಷಧ ಮೈಯೆಲ್ಲ ಹರಡುವುದು ಚರ್ಮದ ಸಹಜವಾದ ಜಿಡ್ಡಿನ ಮೂಲಕ. ಒಂದೆರಡು ದಿನ ಆ ಜಾಗದ ಕೂದಲು ಎಣ್ಣೆ ಹಚ್ಚಿದಂತೆ ಅಂಟಂಟಾಗಿರುತ್ತದೆ. ಮೊದಲ ಬಾರಿ ಬೆಳ್ಳಿ ಕರಿಯನ ಕತ್ತನ್ನು ನೆಕ್ಕಿ ನೊರೆ ನೊರೆಯಾಗಿ ಜೊಲ್ಲು ಸುರಿಸಿದಾಗ ನನ್ನ ಎದೆ ಒಡೆದಂತಾಯಿತು. ಅದು ಔಷಧದ ಕಹಿಗೆ ಬಂದ ಜೊಲ್ಲಾಗಿತ್ತು, ಸ್ವಲ್ಪ ಹೊತ್ತಿನಲ್ಲಿ ನಿಂತಿತು. ಅಂದಿನಿಂದ ಔಷಧ ಹಾಕಿದ ದಿನ ಎರಡನ್ನೂ ಬೇರೆ ಬೇರೆ ಕೋಣೆಯಲ್ಲಿಡುತ್ತೇನೆ.

ಔಷಧದ ಫಲವನ್ನು ಅಳೆಯಲು ನಾನು ಹೇನು ತೆಗೆಯುವ ಸೀರಣಿಗೆಯನ್ನು ಬಳಸಿದೆ. ದಿನವೂ ಸಂಜೆ ಕರಿಯನ ಬೆನ್ನನ್ನು ಹತ್ತು ನಿಮಿಷ ಬಾಚಿ, ಸಿಕ್ಕ ಚಿಗಟಗಳನ್ನು ಸಾಬೂನಿನ ನೀರಿಗೆ ಹಾಕಿ ಎಣಿಸಿ, ಕ್ಯಾಲೆಂಡರಿನಲ್ಲಿ ಬರೆದಿಟ್ಟೆ. ಸೀರಣಿಗೆಯಲ್ಲಿ ಬರುವ ಕಪ್ಪು ಪುಡಿ ಬರೀ ಮಣ್ಣೋ ಚಿಗಟದ ಹಿಕ್ಕೆಯೋ ಎಂದು ತಿಳಿಯಲು ಅದನ್ನು ಒದ್ದೆ ಮಾಡಿದ ಬಿಳಿ ಕಾಗದದ ಮೇಲೆ ಉದುರಿಸಿದರೆ ಸಾಕು. ಹಿಕ್ಕೆಯಾಗಿದ್ದರೆ ಕೆಂಗಂದು ಬಣ್ಣ ಬಿಡುತ್ತದೆ, ಏಕೆಂದರೆ ಅದು ಹೀರಿದ ರಕ್ತವೇ. ಔಷಧ ಹಾಕುವ ದಿನ 34 ಚಿಗಟಗಳು ಸಿಕ್ಕಿದ್ದವು. ಮೂರನೆಯ ದಿನ 3. ವಾರ ಕಳೆದ ಮೇಲೆ ಒಂದೂ ಇಲ್ಲ. ಮೂರನೆಯ ವಾರದಲ್ಲಿ ಒಂದೇ ಸಂಜೆ 11 ಸಿಕ್ಕವು, ಮಗಳ ಕಾಲಿನಲ್ಲಿ ಹೊಸ ಗುಳ್ಳೆಗಳೂ ಎದ್ದವು. "ಇಷ್ಟು ದುಡ್ಡು ಕೊಟ್ಟು ತಂದ ಮದ್ದು ಇಷ್ಟೇನಾ?" ಎಂದು ಅಮ್ಮ ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ.

ಉತ್ತರ ಸಿಕ್ಕಿದ್ದು ಚಿಗಟದ ಬದುಕನ್ನು ತಿಳಿದುಕೊಂಡಾಗ. ನಾಯಿಯ ಮೈಮೇಲೆಯೂ ಹೆಚ್ಚಾಗಿ ಸಿಗುವ ಬೆಕ್ಕಿನ ಚಿಗಟದ ಹೆಣ್ಣು ದಿನಕ್ಕೆ 40ರಿಂದ 50ರವರೆಗೆ ಮೊಟ್ಟೆ ಇಡಬಲ್ಲದು. ಆ ಮೊಟ್ಟೆ ಅಂಟಿಕೊಳ್ಳುವಂಥದ್ದಲ್ಲ. ಪ್ರಾಣಿ ಓಡಾಡಿದಲ್ಲೆಲ್ಲ, ಮಲಗಿದಲ್ಲೆಲ್ಲ ಅದು ಉಪ್ಪಿನ ಹರಳಿನಂತೆ ಉದುರುತ್ತದೆ. ಮರಿಹುಳು ಬೆಳಕಿಗೆ ಹೆದರಿ ನೆಲದ ಬಿರುಕು, ಗೋಣಿಯ ಮಡಿಕೆ, ಹಾಸಿಗೆಯ ಅಡಿಗೆ ಸರಿದು, ದೊಡ್ಡ ಚಿಗಟಗಳ ಮೈಯಿಂದ ಉದುರಿದ ಆ ರಕ್ತದ ಹಿಕ್ಕೆಯನ್ನೇ ತಿಂದು ಬೆಳೆಯುತ್ತದೆ. ಆಮೇಲೆ ಅಂಟಂಟಾದ ರೇಷ್ಮೆಯ ಗೂಡು ಕಟ್ಟಿಕೊಂಡು ಕೋಶವಾಗುತ್ತದೆ. ಗೂಡಿಗೆ ಧೂಳು ಮರಳು ಮೆತ್ತಿಕೊಳ್ಳುವುದರಿಂದ ಅದು ಕಣ್ಣಿಗೂ ಬೀಳುವುದಿಲ್ಲ, ಅದರೊಳಕ್ಕೆ ಕೀಟನಾಶಕವೂ ಸರಿಯಾಗಿ ಇಳಿಯುವುದಿಲ್ಲ. ಬೆಚ್ಚಗಿನ ತೇವದ ಹವೆಯಲ್ಲಿ ಮೊಟ್ಟೆಯಿಂದ ದೊಡ್ಡ ಚಿಗಟವಾಗಲು ಎರಡು ಮೂರು ವಾರ ಸಾಕು. ಗಾಳಿ ಒಣಗಿದ್ದರೆ ಮರಿಹುಳುಗಳು ಬದುಕುವುದಿಲ್ಲ; ಮಲೆನಾಡಿನ ಜೂನ್ ಜುಲೈಗಳಲ್ಲಿ ಮನೆಯೊಳಗಿನ ಗಾಳಿ ಒಣಗುವ ಮಾತೇ ಇಲ್ಲ. ಒಂದು ಮನೆಯಲ್ಲಿರುವ ಚಿಗಟಗಳಲ್ಲಿ ಪ್ರಾಣಿಯ ಮೈಮೇಲೆ ಕಾಣುವುದು ನೂರಕ್ಕೆ ಐದು ಮಾತ್ರ, ಉಳಿದದ್ದು ಮೊಟ್ಟೆ, ಹುಳು, ಕೋಶಗಳಾಗಿ ಮನೆಯಲ್ಲೇ ಇರುತ್ತದೆ ಎಂಬುದು ಪಶುವೈದ್ಯರು ಸಾಮಾನ್ಯವಾಗಿ ಕೊಡುವ ಲೆಕ್ಕ. ಮೂರನೆಯ ವಾರ ನನ್ನ ಸೀರಣಿಗೆಗೆ ಸಿಕ್ಕ 11 ಚಿಗಟಗಳು ಔಷಧವನ್ನು ಸೋಲಿಸಿ ಬದುಕಿದವುಗಳಲ್ಲ. ಔಷಧ ಹಾಕುವ ಮೊದಲೇ ಉದುರಿದ್ದ ಮೊಟ್ಟೆಗಳಿಂದ ಬೆಳೆದು, ಗೂಡಿನಿಂದ ಆಗಷ್ಟೇ ಹೊರಬಂದು ಕರಿಯನ ಮೈಯೇರಿದವು. ಅವೂ ಒಂದೆರಡು ದಿನದಲ್ಲಿ ಸಾಯುವಂಥವೇ. ಔಷಧದ ಎರಡನೆಯ ಭಾಗವಾದ ಮೆಥೊಪ್ರೀನ್ ಕೀಟಗಳ ಬೆಳವಣಿಗೆಯ ಹಾರ್ಮೋನಿನಂತೆ ನಟಿಸಿ ಹೊಸ ಮೊಟ್ಟೆಗಳು ಬಲಿಯದಂತೆ ನೋಡಿಕೊಳ್ಳುತ್ತದೆ. ಹಳೆಯ ಗೂಡುಗಳು ಖಾಲಿಯಾಗುವವರೆಗೆ ಕಾಯುವುದು ನಮ್ಮ ಪಾಲಿನ ಕೆಲಸ.

ಕಾಯುವುದೆಂದರೆ ಸುಮ್ಮನೆ ಕೂರುವುದಲ್ಲ. ಬಿಸಿಲೇ ಇಲ್ಲದ ಆ ದಿನಗಳಲ್ಲಿ ಕರಿಯನ ಗೋಣಿಯನ್ನೂ ಮಗಳ ಹೊದಿಕೆಗಳನ್ನೂ ವಾರಕ್ಕೆ ಎರಡು ಬಾರಿ ಬಚ್ಚಲಿನ ಹಂಡೆಯ ಕುದಿಯುವ ನೀರಿನಲ್ಲಿ ನೆನೆಸಿ, ಒಗೆದು, ಬಚ್ಚಲೊಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಒಣಗಿಸಿದೆವು. ಅಟ್ಟದ ಹಳೆಯ ಗೋಣಿಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಸುಟ್ಟೆವು. ಕಸಬರಿಗೆಯಿಂದ ಗುಡಿಸಿದರೆ ಬಿರುಕಿನ ಒಳಗಿನದು ಬರುವುದಿಲ್ಲವೆಂದು ತಂಗಿಯ ಮನೆಯಿಂದ ವ್ಯಾಕ್ಯೂಮ್ ಕ್ಲೀನರ್ ತಂದು ದಿನ ಬಿಟ್ಟು ದಿನ ಮೂಲೆ ಮೂಲೆಗೂ ಆಡಿಸಿದೆ. ವ್ಯಾಕ್ಯೂಮ್ ಎಳೆದುಕೊಂಡ ದೊಡ್ಡ ಚಿಗಟಗಳಲ್ಲಿ ನೂರಕ್ಕೆ 96ರಷ್ಟು ಅದರೊಳಗೇ ಸಾಯುತ್ತವೆ, ಕೋಶಗಳು ಒಂದೂ ಉಳಿಯುವುದಿಲ್ಲ ಎಂದು ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಕೀಟತಜ್ಞರು 2007ರಲ್ಲಿ ತೋರಿಸಿದ್ದರೂ, ನಾನು ಪ್ರತಿ ಬಾರಿಯೂ ಅದರ ಕಸವನ್ನು ಒಲೆಗೆ ಹಾಕುತ್ತಿದ್ದೆ. ರಾತ್ರಿ ಜೀರೊ ಬಲ್ಬಿನ ಕೆಳಗೆ ಸಾಬೂನಿನ ನೀರು ತುಂಬಿದ ಬಿಳಿ ತಟ್ಟೆಯಿಟ್ಟರೆ ಬೆಳಿಗ್ಗೆ ಐದಾರು ಚಿಗಟಗಳು ತೇಲುತ್ತಿದ್ದವು. ಮನೆಯಲ್ಲಿ ಇನ್ನೆಷ್ಟು ಉಳಿದಿವೆ ಎಂದು ಅಂದಾಜಿಸಲು ಅದು ಒಳ್ಳೆಯ ಉಪಾಯ, ನಿರ್ಮೂಲನೆಗಲ್ಲ. ನೆರೆಯವರು ಹೊಗೆಸೊಪ್ಪಿನ ನೀರು, ಸೀಮೆಎಣ್ಣೆ, ಕರ್ಪೂರ ಎಂದೆಲ್ಲ ಪ್ರೀತಿಯಿಂದಲೇ ಸೂಚಿಸಿದರು. ಮೈ ನೆಕ್ಕಿಕೊಳ್ಳುವ ಪ್ರಾಣಿಗೆ ಈ ಮೂರೂ ವಿಷ. ಹಿಂದೆ ನಮ್ಮ ಹಿರಿಯರು ನಾಯಿಗಳ ಮೇಲೆ ಉದುರಿಸುತ್ತಿದ್ದ ಬಿ.ಎಚ್.ಸಿ. ಪುಡಿಯಂತೂ 1997ರಲ್ಲಿಯೇ ನಮ್ಮ ದೇಶದಲ್ಲಿ ನಿಷೇಧವಾಗಿದೆ.

ಮೂರನೆಯ ತಿಂಗಳ ಹನಿ ಹಾಕುವ ಹೊತ್ತಿಗೆ ಸೀರಣಿಗೆಯಲ್ಲೂ ತಟ್ಟೆಯಲ್ಲೂ ಏನೂ ಸಿಗದಾಯಿತು. ಕರಿಯನ ಬಾಲದ ಬುಡದಲ್ಲಿ ಕೂದಲು ಬಂತು. ಆ ನಡುವೆ ಅದರ ಗುದದ ಬಳಿ ಅಕ್ಕಿ ಕಾಳಿನಂಥ ತುಣುಕುಗಳು ಕಂಡದ್ದರಿಂದ ಲಾಡಿಹುಳುವಿಗೆ ಪ್ರಾಜಿಕ್ವಾಂಟೆಲ್ ಮಾತ್ರೆಯನ್ನೂ ಕೊಡಬೇಕಾಯಿತು. ಮೈ ಕಚ್ಚಿಕೊಳ್ಳುವಾಗ ಚಿಗಟವನ್ನು ನುಂಗಿದ ನಾಯಿಗೆ ಆ ಹುಳು ಅಂಟುತ್ತದೆ. ಹನಿ ಔಷಧ ಅದನ್ನು ಕೊಲ್ಲುವುದಿಲ್ಲ.

ಅಕ್ಟೋಬರಿನಲ್ಲಿ ಎಲ್ಲವೂ ಮುಗಿಯಿತೆಂದು ಔಷಧವನ್ನು ನಿಲ್ಲಿಸಿದೆ. ದೀಪಾವಳಿ ಮುಗಿಸಿ, ಪ್ರಾಣಿಗಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ಇಪ್ಪತ್ತು ದಿನ ಬೆಂಗಳೂರಿಗೆ ಹೋಗಿ ಬಂದೆವು. ಬೀಗ ತೆಗೆದು ನಡುಮನೆಗೆ ಕಾಲಿಟ್ಟ ಕೆಲವೇ ಕ್ಷಣಗಳಲ್ಲಿ ನನ್ನ ಬಿಳಿ ಪಂಚೆಯ ಅಂಚಿನಲ್ಲಿ ಹತ್ತಾರು ಕಪ್ಪು ಚುಕ್ಕೆಗಳು ಜಿಗಿಯುತ್ತಿದ್ದವು. ಗೂಡಿನೊಳಗೆ ಪೂರ್ತಿ ಬೆಳೆದ ಚಿಗಟ ತಿಂಗಳುಗಟ್ಟಲೆ ಕಾಯಬಲ್ಲದು. ನೆಲದ ಅದುರು, ಮೈಯ ಬಿಸಿ, ಉಸಿರಿನ ಇಂಗಾಲದ ಡೈಆಕ್ಸೈಡ್ ತಾಗಿದೊಡನೆ ಹೊರಬರುತ್ತದೆ. ಖಾಲಿ ಮನೆಯಲ್ಲಿ ಎಬ್ಬಿಸುವವರಿಲ್ಲದೆ ಮಲಗಿದ್ದವು ನಮ್ಮ ಹೆಜ್ಜೆಗೆ ಒಟ್ಟಿಗೆ ಎದ್ದಿದ್ದವು. ಆ ದಿನದಿಂದ ಬೇಸಗೆ, ಚಳಿಗಾಲ ಎನ್ನದೆ ತಿಂಗಳಿಗೊಮ್ಮೆ ತಪ್ಪದೆ ಹಾಕುತ್ತಿದ್ದೇನೆ. ಎರಡು ಪ್ರಾಣಿಗಳಿಗೆ ಸೇರಿ ತಿಂಗಳಿಗೆ ಸುಮಾರು ಸಾವಿರ ರೂಪಾಯಿ ತಗಲುತ್ತದೆ. ನಮ್ಮಂಥ ಮನೆಗೆ ಅದು ಸಣ್ಣ ಮೊತ್ತವಲ್ಲ, ಆದರೆ ಅರ್ಧಕ್ಕೆ ನಿಲ್ಲಿಸಿ ಮತ್ತೆ ಮೊದಲಿನಿಂದ ಆರಂಭಿಸಿದಾಗ ಆದ ಖರ್ಚು ಅದಕ್ಕಿಂತ ಹೆಚ್ಚಾಗಿತ್ತು.

ಇನ್ನು ಆ ಒಂದು ಅಂಕದ ಮಾತು. ಬೆಳ್ಳಿಗೆ ಈ ಔಷಧ ಎಲ್ಲ ಕಾಲಕ್ಕೂ ಚೆನ್ನಾಗಿ ಒಗ್ಗಿದೆ. ಕರಿಯ ಮಾತ್ರ ಮಳೆಯಲ್ಲಿ ತೋಟ ಸುತ್ತುವ ನಾಯಿ. ಜುಲೈ ತಿಂಗಳಲ್ಲಿ ಅದರ ಮೈ ನಾಲ್ಕು ದಿನ ಸತತವಾಗಿ ಒಣಗಿರುವಂತೆ ನೋಡಿಕೊಳ್ಳುವುದೆಂದರೆ ಜಗಲಿಯ ಕಂಬಕ್ಕೆ ಕಟ್ಟಿಹಾಕಬೇಕು, ಆ ದಿನಗಳಲ್ಲಿ ಅದು ಪಡುವ ಸಂಕಟವನ್ನು ನೋಡಲಾಗುವುದಿಲ್ಲ. ಪದೇ ಪದೇ ನೆನೆದ ತಿಂಗಳಲ್ಲಿ ಕೊನೆಯ ವಾರಕ್ಕೆ ಒಂದೆರಡು ಚಿಗಟಗಳು ಕಾಣಿಸಿಕೊಂಡವು. ಆದ್ದರಿಂದ ಎರಡನೆಯ ಮಳೆಗಾಲದಲ್ಲಿ ವೈದ್ಯರ ಸಲಹೆಯಂತೆ ಅದಕ್ಕೆ ಮಾತ್ರ 12 ವಾರ ಕೆಲಸ ಮಾಡುವ ಫ್ಲುರಲನರ್ ಎಂಬ ಅಗಿಯುವ ಮಾತ್ರೆಯನ್ನು ಕೊಟ್ಟೆ. ಮಾತ್ರೆ ಮಳೆಗೆ ತೊಳೆದುಹೋಗುವುದಿಲ್ಲ. ಆ ಗುಂಪಿನ ಮಾತ್ರೆಗಳಿಂದ ಕೆಲವು ಪ್ರಾಣಿಗಳಲ್ಲಿ ನಡುಕ ಮತ್ತು ಫಿಟ್ಸ್ ಬರಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2018ರಲ್ಲಿ ಎಚ್ಚರಿಸಿದೆ. ಕರಿಯನಿಗೆ ಯಾವ ತೊಂದರೆಯೂ ಆಗಲಿಲ್ಲ. ಹಿಂದೆ ಫಿಟ್ಸ್ ಬಂದಿರುವ ನಾಯಿಯಾದರೆ ಅದನ್ನು ವೈದ್ಯರಿಗೆ ಹೇಳದೆ ಈ ಮಾತ್ರೆ ಕೊಡಬಾರದು. ಮೊಲ ಸಾಕಿದವರು ಫಿಪ್ರೊನಿಲ್ಲನ್ನು ಮೊಲಕ್ಕೆ ಹಾಕಲೇಬಾರದು, ಅದು ಪ್ರಾಣ ತೆಗೆಯುತ್ತದೆ. ಜೇನುನೊಣಗಳಿಗೂ ನೀರಿನ ಕೀಟಗಳಿಗೂ ಇದು ಕಡು ವಿಷವಾದ್ದರಿಂದ, ಹಿತ್ತಲಿನಲ್ಲಿ ಎರಡು ಜೇನುಪೆಟ್ಟಿಗೆಗಳಿರುವ ನಾನು ಖಾಲಿ ಕೊಳವೆಗಳನ್ನು ಬಯಲಿಗೆ ಎಸೆಯುವುದಿಲ್ಲ, ಹನಿ ಹಾಕಿದ ಮೇಲೆ ಹಲವು ದಿನ ಕರಿಯನನ್ನು ಹಳ್ಳಕ್ಕೆ ಇಳಿಯಬಿಡುವುದಿಲ್ಲ.

ಈ ಔಷಧ ಉಣುಗುಗಳನ್ನೂ ಕೊಲ್ಲುತ್ತದೆ, ಆದರೆ ಕಚ್ಚಿದೊಡನೆ ಅಲ್ಲ, ಎರಡು ದಿನಗಳಷ್ಟು ಸಮಯ ಹಿಡಿಯುತ್ತದೆ. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆಯನ್ನು 1957ರಿಂದ ಕಂಡಿರುವ ನಮ್ಮ ಜಿಲ್ಲೆಯಲ್ಲಿ ನಾಯಿಗೆ ಹನಿ ಹಾಕಿದ್ದೇವೆಂಬ ಧೈರ್ಯದಿಂದ ಯಾರೂ ಕಾಡಿಗೆ ಬರಿಗಾಲಿನಲ್ಲಿ ಹೋಗಬಾರದು.

ಕಳೆದ ಒಂಬತ್ತು ತಿಂಗಳಿಂದ ಬೆಳ್ಳಿಯ ಮೈಯಲ್ಲಿ ಚಿಗಟ ಸಿಕ್ಕಿಲ್ಲ; ಅದು ಮತ್ತೆ ಮಗಳ ಹಾಸಿಗೆಯಲ್ಲಿ ಮಲಗುತ್ತಿದೆ. ಈಗ ತಿಂಗಳಿಗೆ ಮೂರು ಕೊಳವೆ ತರುತ್ತೇನೆ. ಮೂರನೆಯದು ಪಕ್ಕದ ಮನೆಯ ನಾಯಿಗೆ, ಏಕೆಂದರೆ ಅದು ಮಧ್ಯಾಹ್ನದ ಹೊತ್ತು ಬಂದು ನಮ್ಮ ಜಗಲಿಯಲ್ಲೇ ಮಲಗುತ್ತದೆ.