ರಿಲೇಶನ್ ಚೆಕ್ ಮಾಡೋಕೆ ಸಿ-ಲಿ ಮ್ಯಾಟ್ರಿಕ್ಸಾ, ಪೈಥಾನಲ್ಲಿ ಸೆಟ್ಟಾ?

ತಂಗೀ, ರಿಲೇಶನ್ (ಒಂದು ಸೆಟ್ಟಿನ ಎಲಿಮೆಂಟುಗಳ ಜೋಡಿಗಳ ಪಟ್ಟಿ) ಯಾವ ತರದ್ದು ಅಂತ ಚೆಕ್ ಮಾಡೋ ಪ್ರೋಗ್ರಾಂ ಸಿ-ಲಿ ಬರೀಲಾ, ಪೈಥಾನಲ್ಲಾ ಅಂತ ನೀ ಕೇಳಿದ್ದಕ್ಕೆ ನಮ್ಮ ಉತ್ತರ ಕನ್ನಡ ಜಿಲ್ಲೆದೇ ಉದಾಹರಣೆ ತಗೊಳ್ವ, 'ಗಡಿ ತಾಗೋ ತಾಲೂಕು' ಅನ್ನೋ ರಿಲೇಶನ್. ಕಾರವಾರ-ಅಂಕೋಲಾ ತಾಗ್ತದೆ, ಅಂಕೋಲಾ-ಕುಮಟಾನೂ ತಾಗ್ತದೆ, ಆದ್ರೆ ಕಾರವಾರ-ಕುಮಟಾ ತಾಗಲ್ಲ, ಹಂಗಾಗಿ ಸಿಮೆಟ್ರಿಕ್ (ಅ-ಬ ಜೋಡಿ ಇದ್ರೆ ಬ-ಅ ಕೂಡ ಇರೋದು) ಹೌದು, ಟ್ರಾನ್ಸಿಟಿವ್ (ಅ-ಬ, ಬ-ಕ ಇದ್ರೆ ಅ-ಕ ಕೂಡ ಇರೋದು) ಅಲ್ಲ.

ಸಿ-ಲಿ 0-1 ಮ್ಯಾಟ್ರಿಕ್ಸ್ (ಜೋಡಿ ಇದ್ರೆ 1, ಇಲ್ದಿದ್ರೆ 0 ಹಾಕಿದ ಕೋಷ್ಟಕ) ಮಾಡಿದ್ರೆ ಎಲ್ಲಾ ಕಣ್ಣಿಗೇ ಕಾಣ್ತದೆ, ಕರ್ಣದಲ್ಲಿ ಪೂರ್ತಿ 1 ಇದ್ರೆ ರಿಫ್ಲೆಕ್ಸಿವ್ (ಪ್ರತಿ ಎಲಿಮೆಂಟಿಗೂ ತನ್ನ ಜೊತೆಗೇ ಜೋಡಿ ಇರೋದು), ಅಡ್ಡಸಾಲು ಕಂಬಸಾಲು ಅದಲುಬದಲು ಮಾಡಿದ್ರೂ ಹಾಗೇ ಇದ್ರೆ ಸಿಮೆಟ್ರಿಕ್. ಟ್ರಾನ್ಸಿಟಿವ್‌ಗೆ ಮೂರು ಲೂಪ್, 1000 ಎಲಿಮೆಂಟ್ ಇದ್ರೆ 100 ಕೋಟಿ ಸಲ ತಿರುಗ್ಬಹುದು.

ಪೈಥಾನ್ ಸೆಟ್ಟಲ್ಲಿ ಇರೋ ಜೋಡಿ ಅಷ್ಟೇ ಇಡೋದು, ಜೋಡಿ ಕಮ್ಮಿ ಇದ್ರೆ ಟೈಮು ಮೆಮೊರಿ ಎರಡೂ ಉಳೀತದೆ, ತಾಲೂಕಿನ ಹೆಸ್ರನ್ನೇ ಹಾಕ್ಬಹುದು, ನಂಬರ್ ಕೊಡೋ ರಗಳೆ ಇಲ್ಲ. ಆದ್ರೆ ಮೂಲ ಸೆಟ್ (ಎಲ್ಲಾ ಎಲಿಮೆಂಟುಗಳ ಪಟ್ಟಿ) ಬೇರೆ ಕೊಡ್ಲೇಬೇಕು ನೋಡು. (1,1), (2,2) ಎರಡೇ ಜೋಡಿ ಇದ್ರೆ 1, 2ರ ಮೇಲೆ ರಿಫ್ಲೆಕ್ಸಿವ್, ಸೆಟ್ಟಿಗೆ 3 ಸೇರಿದ ಕೂಡ್ಲೆ ಅಲ್ಲ. ಜೋಡಿ ಮಾತ್ರ ನೋಡೋ ಕೋಡು ಇಲ್ಲಿ ತಪ್ಪು ಉತ್ತರ ಕೊಡ್ತದೆ.

ಲ್ಯಾಬಲ್ಲಿ ಸಿ ಕೇಳ್ತಾರೆ, ಎಲಿಮೆಂಟು ಹತ್ತಿಪ್ಪತ್ತು ಅಂದ್ರೆ ಮ್ಯಾಟ್ರಿಕ್ಸೇ ಮಾಡು. ಪ್ರಾಜೆಕ್ಟಿಗೆ, ಹೆಸರು ಜಾಸ್ತಿ ಜೋಡಿ ಕಮ್ಮಿ ಅಂದ್ರೆ ಪೈಥಾನ್ ಹಿಡಿ. ಯಾವ್ದ್ರಲ್ಲೇ ಬರೆದ್ರೂ ಒಂದೂ ಜೋಡಿ ಇಲ್ದಿರೋ ರಿಲೇಶನ್ ಕೊಟ್ಟು ನೋಡು, ಸಿಮೆಟ್ರಿಕ್ಕೂ ಟ್ರಾನ್ಸಿಟಿವ್ವೂ ಹೌದು ಅಂತ್ಲೇ ಬರ್ಬೇಕು.