ಹೊಸ ಟೀಚರ್‌ಗೆ ಆನ್‌ಲೈನ್ ಮೆಂಟರಿಂಗ್ ಪ್ಯಾಕ್: ವಿಡಿಯೋ ಬಿಡಿ, ಕಾಲ್ ಮಾತ್ರ ತಗೊಳ್ಳಿ

ನಮ್ದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ, ಒಂದರಿಂದ ಐದನೇ ಕ್ಲಾಸು, ಇರೋದು ಇಬ್ರೇ, ನಾನು ಮತ್ತೆ ಈ ವರ್ಷ ಹೊಸದಾಗಿ ಬಂದ ಮೇಡಂ. ಅವ್ರಿಗೆ ನಲಿ ಕಲಿ, ಅಂದ್ರೆ ಒಂದರಿಂದ ಮೂರನೇ ಕ್ಲಾಸಿನ ಮಕ್ಳು ಒಟ್ಟಿಗೆ ಕೂತು ಕಾರ್ಡ್ ಹಿಡಿದು ಕಲಿಯೋ ಪದ್ಧತಿ, ನನಗೆ ನಾಲ್ಕು ಐದು ಜೊತೆಗೆ ಹೆಚ್ಚೆಮ್ (ಮುಖ್ಯ ಶಿಕ್ಷಕ) ಚಾರ್ಜು. ನ್ಯಾಯವಾಗಿ ಅವ್ರಿಗೆ ಮೆಂಟರ್ ಆಗಬೇಕಾದವನು ನಾನೇ, ಆದ್ರೆ ನಾನು ಹೋಗಿ ಅವ್ರ ಕ್ಲಾಸಲ್ಲಿ ಕೂತ್ರೆ ನನ್ನ ಮಕ್ಳನ್ನ ನೋಡೋರ್ಯಾರು? ಹಾಗಾಗಿ ಅವ್ರು ಜಾಹೀರಾತು ನೋಡಿ ಸುಮಾರು ಎರಡು ಸಾವಿರ ಕೊಟ್ಟು ಒಂದು ಆ್ಯಪಿನ ‘ಫಸ್ಟ್ ಇಯರ್ ಮೆಂಟರಿಂಗ್’ ಪ್ಯಾಕ್ ತಗೊಂಡ್ರು, ನಾನೂ ಜೊತೆಗೆ ಕೂತು ನೋಡ್ದೆ. ಆ್ಯಪ್ ಹೆಸ್ರು ಇಲ್ಲಿ ಬೇಡ.

ಪ್ಯಾಕಲ್ಲಿ ಏನಿದೆ ಅಂದ್ರೆ ರೆಕಾರ್ಡೆಡ್ ವಿಡಿಯೋಗಳು, ಒಂದು ವಾಟ್ಸಾಪ್ ಗ್ರೂಪು, ತಿಂಗಳಿಗೊಂದು ಲೈವ್ ಕಾಲು. ಗ್ರೂಪ್ ಬಗ್ಗೆ ಹೇಳೋಕೆ ಏನಿಲ್ಲ, ಬೆಳಿಗ್ಗೆ ಶುಭೋದಯ, ರಾತ್ರಿ ಶುಭರಾತ್ರಿ, ಮಧ್ಯೆ ಯಾರೋ ಕ್ರಿಯಾಯೋಜನೆ ಪಿಡಿಎಫ್ ಇದ್ರೆ ಹಾಕಿ ಸರ್ ಅಂತಾರೆ, ಅಷ್ಟೆ.

ವಿಡಿಯೋಗಳು ನೋಡೋಕೆ ಚೆಂದ, ನಮಗೆ ಉಪಯೋಗ ಇಲ್ಲ. ಅದ್ರಲ್ಲಿ ಬರೋ ಕ್ಲಾಸಲ್ಲಿ ಎಲ್ಲಾ ಮಕ್ಳು ಬೆಂಚ್ ಮೇಲೆ ಒಂದೇ ಕಡೆ ಮುಖ ಮಾಡಿ ಕೂತಿರ್ತವೆ, ಟೀಚರ್ ಬೋರ್ಡ್ ಹತ್ರ ನಿಂತು ಪಾಠ ಮಾಡ್ತಾರೆ, ಎಲ್ರಿಗೂ ಒಂದೇ ಪಾಠ. ನಲಿ ಕಲಿಯಲ್ಲಿ ಹಾಗೆಲ್ಲಿ? ಒಂದು ಎರಡು ಮೂರು ತರಗತಿ ಒಟ್ಟಿಗೆ, ನೆಲದ ಮೇಲೆ, ಐದು ತಟ್ಟೆ, ಅಂದ್ರೆ ಐದು ಗುಂಪು: ಶಿಕ್ಷಕರ ಸಂಪೂರ್ಣ ಸಹಾಯದ್ದು, ಭಾಗಶಃ ಸಹಾಯದ್ದು, ಆಮೇಲೆ ಗೆಳೆಯರ ಸಹಾಯದವು ಎರಡು, ಕೊನೆಗೆ ಸ್ವಯಂ ಕಲಿಕೆ. ಒಂದು ಮಗು ಇನ್ನೂ ರ ಗ ಸ ದ ಅ ತಿದ್ದುತಿರುತ್ತೆ, ಪಕ್ಕದ್ದು ವಾಕ್ಯ ಓದ್ತಿರುತ್ತೆ, ಇನ್ನೊಂದು ಕಾರ್ಡ್ ಮುಗಿಸಿ ಮುಂದಿನ ಮೈಲಿಗಲ್ಲಿಗೆ (ಕಲಿಕೆಯ ಹಂತಕ್ಕೆ) ಹೋಗಬೇಕು ಅಂತ ಸೆರಗು ಜಗ್ತಿರುತ್ತೆ. ಈ ಪದ್ಧತಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಲ್ಲಿ ಶುರುವಾಗಿದ್ದು, 2009-10ರಿಂದ ರಾಜ್ಯದ ಎಲ್ಲಾ ಸರ್ಕಾರಿ ಕನ್ನಡ ಶಾಲೆಗೂ ಬಂತು. ಕರ್ನಾಟಕದ ಹೊಸ ಟೀಚರ್‌ಗಳಿಗೆ ಅಂತ ದುಡ್ಡು ತಗೊಳ್ಳೋರು ಇದ್ರ ಹೆಸ್ರನ್ನೂ ಎತ್ತದೆ ಇದ್ರೆ ಹೇಗೆ ಸ್ವಾಮಿ? ಅದೂ ಅಲ್ದೆ ರೆಕಾರ್ಡೆಡ್ ಪಾಠನೇ ಸಾಕು ಅನ್ನೋರಿಗೆ ಸರ್ಕಾರದ ದೀಕ್ಷಾ ಆ್ಯಪ್ 2017ರಿಂದ ಪುಕ್ಕಟೆ ಇದೆ, ಟೀಚರ್‌ಗಳ ತರಬೇತಿಯ ನಿಷ್ಠಾ ಕೋರ್ಸ್‌ಗಳೂ ಅದ್ರಲ್ಲೇ ಬಂದಿವೆ.

ಇನ್ನು ಆ ತಿಂಗಳ ಕಾಲ್. ಇಡೀ ಪ್ಯಾಕಲ್ಲಿ ದುಡ್ಡಿಗೆ ಬೆಲೆ ಬಂದಿದ್ದು ಇದೊಂದ್ರಿಂದ. ನಮ್ಮ ಮೇಡಂಗೆ ಸಿಕ್ಕಿದ್ದು ರಿಟೈರ್ಡ್ ಪ್ರೈಮರಿ ಟೀಚರ್ ಒಬ್ರು, ಮೊದಲನೇ ಕಾಲಲ್ಲೇ ನಿಮ್ಮ ಕಷ್ಟ ಹೇಳ್ಬೇಡಿ, ಕ್ಲಾಸ್ ತೋರ್ಸಿ ಅಂದ್ರು. ಫೋನನ್ನ ಮಕ್ಳ ಹಿಂದೆ ಕಿಟಕಿ ಮೇಲಿಡಿ, ಮಕ್ಳ ಮುಖ ಬರಬಾರ್ದು, ನೀವು ಕಂಡ್ರೆ ಸಾಕು ಅಂತಾನೂ ಹೇಳಿದ್ರು, ಆದ್ರೂ ನಾವು ಎಸ್‌ಡಿಎಂಸಿಯವ್ರಿಗೆ (ಶಾಲಾಭಿವೃದ್ಧಿ ಸಮಿತಿ) ತಿಳಿಸೇ ಮಾಡಿದ್ದು, ನೀವೂ ಹಾಗೇ ಮಾಡಿ.

ಆ ನಮ್ಮ ಕ್ಲಾಸಿನ ವಿಡಿಯೋ ನೋಡಿ ಅವ್ರು ಹೊಗಳ್ಲೂ ಇಲ್ಲ ಬೈಲೂ ಇಲ್ಲ, ನೀವು ಒಂದನೇ ತಟ್ಟೆಲಿ ಕೂತಾಗ ನಾಲ್ಕು ಐದನೇ ತಟ್ಟೆಗೆ ಬೆನ್ನು ತೋರಿಸ್ತಿದೀರ ನೋಡಿ ಅಂದ್ರು. ಹೌದು ಮತ್ತೆ, ಬೆನ್ನ ಹಿಂದೆ ಸ್ವಯಂ ಕಲಿಕೆ ತಟ್ಟೆಯವು ಕಾರ್ಡ್ ಬಿಟ್ಟು ಬಳಪದಲ್ಲಿ ಆಟ ಆಡ್ತಿದ್ವು. ನಿಮ್ಮ ಚಾಪೆ ಗೋಡೆ ಕಡೆ ಹಾಕಿ, ಗೋಡೆಗೆ ಒರಗಿ ಕೂತ್ರೆ ಐದೂ ತಟ್ಟೆ ಕಣ್ಣಿಗೆ ಬೀಳುತ್ತೆ, ಮತ್ತೆ ಕಾರ್ಡ್ ಮುಗಿಸಿದ ಮಗು ನಿಮ್ಮ ಹತ್ರ ಓಡಿ ಬರೋ ಬದ್ಲು ಕೂತಲ್ಲೇ ಸ್ಲೇಟ್ ಮಗುಚಿ ಇಡ್ಲಿ ಅಂದ್ರು. ಮಾರನೇ ದಿನವೇ ಸೆರಗು ಜಗ್ಗೋದು ಕಮ್ಮಿ ಆಯ್ತು, ಪಕ್ಕದ ರೂಮಲ್ಲಿದ್ದ ನನಗೇ ಗಲಾಟೆ ಇಳಿದಿದ್ದು ಕೇಳಿಸ್ತು. ಮುಂದಿನ ಕಾಲಲ್ಲಿ ಎಫ್‌ಎ (ವರ್ಷದ ನಡುವಿನ ಕಿರು ಪರೀಕ್ಷೆ) ಅಂಕ, ಸ್ಯಾಟ್ಸ್ (ಮಕ್ಳ ಮಾಹಿತಿ ತುಂಬೋ ಸರ್ಕಾರಿ ಸೈಟು) ಎಂಟ್ರಿ, ಶಾಲೇಲಿ ಮಕ್ಳಿಗೆ ಕೊಡೋ ಹಾಲಿನ ಲೆಕ್ಕ ಎಲ್ಲಾ ಸೇರಿ ತಲೆ ಕೆಡ್ತಿದೆ ಅಂದಾಗ, ಪಾಠದ ಹೊತ್ತಲ್ಲಿ ರಿಜಿಸ್ಟರ್ ಮುಟ್ಟಬೇಡಿ, ಹಾಲಿನ ಲೆಕ್ಕ ಹಾಲು ಕುಡಿಸೋವಾಗ್ಲೇ ಬರೆದು ಮುಗ್ಸಿ ಅಂದ್ರು. ಸಣ್ಣ ಮಾತೇ, ಆದ್ರೆ ಆ ಕೆಲ್ಸ ಮಾಡಿದವ್ರಿಗೆ ಮಾತ್ರ ಹೊಳೆಯೋ ಮಾತು. ನಮ್ಮ ಸಿಆರ್‌ಪಿ, ಅಂದ್ರೆ ಸುತ್ತಲಿನ ಶಾಲೆಗಳಿಗೆ ಬಂದು ಮಾರ್ಗದರ್ಶನ ಮಾಡೋ ಸಂಪನ್ಮೂಲ ವ್ಯಕ್ತಿ, ಒಳ್ಳೆಯವ್ರೇ, ಆದ್ರೆ ಕ್ಲಸ್ಟರಿನ ಅಷ್ಟೂ ಶಾಲೆ ಸುತ್ತಬೇಕು, ಮಾಹಿತಿ ಕಲೆ ಹಾಕೋದ್ರಲ್ಲೇ ಅವ್ರ ಹೊತ್ತು ಹೋಗುತ್ತೆ, ಹೀಗೆ ಕೂತು ನೋಡೋಕೆ ಪುರುಸೊತ್ತೆಲ್ಲಿ. ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) 2020ರಲ್ಲೇ ನ್ಯಾಷನಲ್ ಮಿಷನ್ ಫಾರ್ ಮೆಂಟರಿಂಗ್ ಅಂತ ಬರೆದಿದಾರೆ, ಅದು ನಮ್ಮೂರ ತನಕ ಬರೋವರ್ಗೂ ಇಂಥವ್ರೇ ಗತಿ.

ತೊಂದ್ರೆಗಳೂ ಇವೆ. ಕಾಲ್ ಟೈಮು ಅವ್ರಿಗೆ ಬೇಕಾದಾಗ ಬದಲಾಯಿಸ್ತಾರೆ, ಒಂದ್ಸಲ ಎಫ್‌ಎ ಪರೀಕ್ಷೆ ದಿನವೇ ಇಟ್ರು. ಕೊನೆಗೆ ‘50 ಗಂಟೆ ಸಿಪಿಡಿ’ (ಟೀಚರ್‌ಗಳ ನಿರಂತರ ತರಬೇತಿ) ಸರ್ಟಿಫಿಕೇಟ್ ಕೊಡ್ತೀವಿ ಅಂತಾರೆ, ಎನ್‌ಇಪಿಯಲ್ಲಿ ಹೇಳಿರೋ 50 ಗಂಟೆ ನೋಡಿ ಹಾಕ್ಕೊಂಡಿರೋ ನಂಬರ್ ಅದು, ಪ್ರೊಬೇಷನ್ ಮುಗೀತು ಅಂತ ಡಿಕ್ಲೇರ್ ಆಗೋಕೆ ಸಹಾಯ ಆಗುತ್ತೆ ಅಂತ ಆಸೆ ಇಟ್ಕೊಂಡು ತಗೋಬೇಡಿ. ಮೆಂಟರ್‌ನ ನಾವು ಆರಿಸೋ ಹಾಗಿಲ್ಲ, ಅವ್ರು ಹಾಕಿದವ್ರೇ. ನಮ್ಮ ಮೇಡಂ ಅದೃಷ್ಟ ಚೆನ್ನಾಗಿತ್ತು, ಅವ್ರ ಗೆಳತಿ ಒಬ್ರಿಗೆ ಸಿಕ್ಕಿದ್ದು ಕ್ಲಾಸೇ ತಗೊಳ್ದೆ ಬರೀ ಮೋಟಿವೇಷನ್ ಭಾಷಣ ಮಾಡೋ ಹುಡುಗ.

ವಿಡಿಯೋಗೆ ಐದಕ್ಕೆ ಒಂದು, ಕಾಲ್‌ಗೆ ನಾಲ್ಕೂವರೆ. ಕೇಳಿದ್ರೆ ಕಾಲ್ ಮಾತ್ರ ಇರೋ ಪ್ಯಾಕ್ ಅರ್ಧ ರೇಟಿಗೆ ಕೊಡ್ತಾರೆ, ಆ್ಯಪಲ್ಲಿ ತೋರಿಸಲ್ಲ, ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಕೇಳ್ಬೇಕು. ದುಡ್ಡು ಕಟ್ಟೋಕೆ ಮುಂಚೆ ನಮ್ಮ ಮೆಂಟರ್ ನಲಿ ಕಲಿ ಮಾಡಿದವ್ರಾ ಅಂತ ಕೇಳಿ, ಕಟ್ಟಿದ ಮೇಲೆ ಯುಪಿಐಲಿ ಆಟೋಪೇ ಆನ್ ಆಗಿದ್ರೆ ತೆಗೆದುಹಾಕಿ.